ಕಟ್ಟಡ ಚೆನ್ನಾಗಿತ್ತು, ಸಾಲ ಮಾಡಿದ ರೀತಿ ಸರಿ ಇರಲಿಲ್ಲ

ಮೊದಲ ಸಲ ಬಾಡಿಗೆ ಆಸ್ತಿ ಕೊಳ್ಳಲು ಹೊರಟವರು, ಅದರಲ್ಲೂ ಸ್ನೇಹಿತರ ಜೊತೆ ಸೇರಿ ಸಾಲ ಮಾಡಿ ಕೊಳ್ಳುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. 2021ರಲ್ಲಿ ನಾವು ಮೂವರು ಸೇರಿ ನಾಲ್ಕು ಮನೆಗಳಿದ್ದ ಒಂದು ಕಟ್ಟಡ ಕೊಂಡೆವು. ಕಾಗದ ಪತ್ರ ಸರಿ ಇತ್ತು, ಬಾಡಿಗೆಗೆ ಇದ್ದವರೂ ಒಳ್ಳೆಯವರೇ. ಆದರೂ 2024ರಲ್ಲಿ ಅದನ್ನು ನಷ್ಟಕ್ಕೆ ಮಾರಬೇಕಾಯಿತು.

ಲೆಕ್ಕ ಸುಲಭವಾಗಲಿ ಅಂತ ಕಟ್ಟಡದ ಬೆಲೆ 100 ಎಂದು ಇಟ್ಟುಕೊಳ್ಳಿ. ಬ್ಯಾಂಕು 75 ಕೊಟ್ಟಿತು, ಉಳಿದ 25 ನಾವು ಹಾಕಬೇಕಿತ್ತು. ನನ್ನ ಪಾಲಿನ ಹಣ ನನ್ನ ಹತ್ತಿರ ಇರಲಿಲ್ಲ, ಪರ್ಸನಲ್ ಲೋನ್ ತೆಗೆದು ಹಾಕಿದೆ. ಮೊದಲ ತಪ್ಪು ಇದೇ. ಬೆಲೆ ಬಿದ್ದರೂ, ಮನೆ ಖಾಲಿ ಬಿದ್ದರೂ ತಡೆದುಕೊಳ್ಳಲು ಇರುವುದು ಆ ಕೈ ಹಣ ಒಂದೇ. ಅದನ್ನೂ ಸಾಲ ಮಾಡಿ ತಂದರೆ ಕೆಳಗೆ ಹಿಡಿಯಲು ಏನೂ ಇರಲ್ಲ.

ಇನ್ನು ದೊಡ್ಡ ಸಾಲದ ಕಥೆ. ಮೂರು ವರ್ಷ ಬರೀ ಬಡ್ಡಿ ಕಟ್ಟುವುದು, ಅಸಲು ಪೂರ್ತಿ ಕೊನೆಯಲ್ಲಿ ಒಂದೇ ಸಲ. ಇದಕ್ಕೆ ಬಲೂನ್ ಪೇಮೆಂಟ್ ಅನ್ನುತ್ತಾರೆ. ತಿಂಗಳ ಕಂತು ಸಣ್ಣದು ಅಂತ ನಮಗೆ ತುಂಬಾ ಖುಷಿ. ‘ಮೂರು ವರ್ಷ ಆದ ಮೇಲೆ ರೀಫೈನಾನ್ಸ್ ಮಾಡಿಸಿಕೊಳ್ಳಿ, ಎಲ್ಲರೂ ಹಾಗೇ ಮಾಡೋದು’ ಎಂದು ಸಾಲ ಕೊಡಿಸಿದ ಬ್ರೋಕರ್ ಹೇಳಿದರು, ನಾವು ನಂಬಿದೆವು. ರೀಫೈನಾನ್ಸ್ ಅಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುವುದು. ಬಡ್ಡಿ ಫ್ಲೋಟಿಂಗ್ ಆಗಿತ್ತು, ಅಂದರೆ ಮಾರುಕಟ್ಟೆಯ ದರದ ಜೊತೆ ಏರಿಳಿಯುವಂಥದ್ದು, ಶುರುವಿನಲ್ಲಿ ಶೇ 7. 2022ರಲ್ಲಿ ಒಂದಾದ ಮೇಲೊಂದು ದೇಶದಲ್ಲಿ ಬಡ್ಡಿ ದರ ಏರತೊಡಗಿತು, ನಮ್ಮದು ಶೇ 10ಕ್ಕೆ ಹೋಯಿತು. ಮೂರೇ ಪರ್ಸೆಂಟ್ ಅಲ್ವಾ ಅನ್ನಿಸಬಹುದು, ಆದರೆ ಬರೀ ಬಡ್ಡಿ ಕಟ್ಟುವ ಸಾಲದಲ್ಲಿ ಏರಿಕೆ ಪೂರ್ತಿ ಕಂತಿನ ಮೇಲೇ ಬೀಳುತ್ತದೆ. ವರ್ಷಕ್ಕೆ 5.25 ಕಟ್ಟುತ್ತಿದ್ದವರು 7.5 ಕಟ್ಟಬೇಕಾಯಿತು, ಅಂದರೆ ಶೇ 43ರಷ್ಟು ಜಾಸ್ತಿ.

ಬಾಡಿಗೆ ವರ್ಷಕ್ಕೆ 8 ಬರುತ್ತದೆ ಎಂದು ಹಾಳೆಯ ಮೇಲೆ ಬರೆದುಕೊಂಡಿದ್ದೆವು. ತೆರಿಗೆ, ವಿಮೆ, ರಿಪೇರಿ, ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ತನಕ ಖಾಲಿ ಇರುವ ತಿಂಗಳು, ಇವೆಲ್ಲ ಕಳೆದರೆ ಕೈಗೆ ಉಳಿದದ್ದು 6. ಖರ್ಚು ಕಳೆದ ಬಾಡಿಗೆ ಕಂತಿನ 1.25 ಪಟ್ಟಾದರೂ ಇರಲಿ ಎಂದು ಸಾಲ ಕೊಡುವವರೇ ಸಾಮಾನ್ಯವಾಗಿ ನೋಡುತ್ತಾರೆ. ನಾವು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದರೆ ಶುರುವಿನಲ್ಲೇ 1.14 (5.25ರ ಕಂತಿಗೆ 6) ಬರುತ್ತಿತ್ತು. ಅವತ್ತೇ ಬಿಟ್ಟು ಬರಬೇಕಿತ್ತು.

ಕೈಗೆ ಬರುವುದು 6, ಬಡ್ಡಿ 7.5 ಆದ ಮೇಲೆ ತಿಂಗಳು ತಿಂಗಳು ಜೇಬಿನಿಂದ ಹಾಕುವ ಪರಿಸ್ಥಿತಿ ಬಂತು. ಒಬ್ಬ ಗೆಳೆಯ ಕೆಲವು ತಿಂಗಳು ಹಾಕಿದ, ಆಮೇಲೆ ‘ನನ್ನ ಕೈಲಿ ಆಗಲ್ಲ’ ಎಂದು ನಿಲ್ಲಿಸಿಬಿಟ್ಟ. ಅವನ ಮೇಲೆ ನನಗೆ ಕೋಪ ಇಲ್ಲ, ಅವನಿಗೂ ಮನೆ ನಡೆಯಬೇಕು. ಆದರೆ ಹಣ ಕಡಿಮೆ ಬಿದ್ದರೆ ಯಾರು ಎಷ್ಟು ಹಾಕಬೇಕು, ಹಾಕದವರ ಪಾಲು ಎಷ್ಟು ಇಳಿಯಬೇಕು, ಹೊರಗೆ ಹೋಗುವವರಿಗೆ ಯಾವ ಬೆಲೆ ಕೊಡಬೇಕು, ಮಾರುವ ತೀರ್ಮಾನ ಯಾರದು, ಇದ್ಯಾವುದನ್ನೂ ನಾವು ಬರೆದಿಟ್ಟಿರಲಿಲ್ಲ. ಸ್ನೇಹಿತರ ನಡುವೆ ಕರಾರು ಯಾಕೆ ಅಂತ ಸುಮ್ನೆ ಇದ್ದೆವು.

ನನಗೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟ ವಿಷಯ ಬೇರೆ. ಆಸ್ತಿಯನ್ನು ನಾವು ಒಂದು ಕಂಪನಿ ಮಾಡಿ ಅದರ ಹೆಸರಲ್ಲಿ ಕೊಂಡಿದ್ದೆವು. ಸಾಲ ಕಂಪನಿಯದು, ನಮ್ಮ ಸ್ವಂತ ಹಣಕ್ಕೆ ಯಾರೂ ಕೈ ಹಾಕುವಂತಿಲ್ಲ ಎಂದುಕೊಂಡಿದ್ದೆ. ಆದರೆ ಸಾಲದ ಕಾಗದಗಳ ಕಟ್ಟಿನಲ್ಲಿ ಪರ್ಸನಲ್ ಗ್ಯಾರಂಟಿಯ, ಅಂದರೆ ಕಂಪನಿ ಕಟ್ಟದಿದ್ದರೆ ನಾವೇ ಕಟ್ಟುತ್ತೇವೆ ಎನ್ನುವ, ಎರಡು ಪುಟ ಇದ್ದವು, ಮೂವರೂ ‘ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ’ ಹೊಣೆ ಎಂದು ಅದರಲ್ಲಿತ್ತು. ಹಾಗೆಂದರೆ ಮೂವರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಬಾಕಿ ವಸೂಲಿ ಮಾಡಬಹುದು. ಮೂರರಲ್ಲಿ ಒಂದು ಪಾಲು ಕಟ್ಟಿದ್ದೇನೆ ಎಂದು ನಾನು ಹೇಳಿದ್ದು ನಡೆಯಲಿಲ್ಲ. ಸಹಿ ನಂದೇ. ಓದದೆ ಹಾಕಿದ್ದೆ. ಗೊತ್ತಿದ್ದರೆ ಸಾಲ ತೆಗೆಯುವ ಮುಂಚೆಯೇ ‘ಗ್ಯಾರಂಟಿಗೆ ಒಂದು ಮಿತಿ ಹಾಕಿ’ ಎಂದಾದರೂ ಕೇಳಬಹುದಿತ್ತು, ಒಬ್ಬ ಸ್ವತಂತ್ರ ವಕೀಲರಿಗೆ ತೋರಿಸಿದ್ದರೆ ಅವರು ಖಂಡಿತ ಹೇಳುತ್ತಿದ್ದರು.

ಮೂರನೇ ವರ್ಷ ರೀಫೈನಾನ್ಸ್‌ಗೆ ಹೋದಾಗ ಕಟ್ಟಡಕ್ಕೆ 90 ಬೆಲೆ ಕಟ್ಟಿದರು. ಅದರ ಶೇ 75, ಅಂದರೆ 67.5 ಮಾತ್ರ ಹೊಸ ಸಾಲ ಸಿಗುತ್ತಿತ್ತು. ತೀರಿಸಬೇಕಾದ ಅಸಲು ಹಾಗೇ 75 ಇತ್ತು, ಒಂದು ಪೈಸೆಯೂ ಕರಗಿರಲಿಲ್ಲ. ವ್ಯತ್ಯಾಸ 7.5 ನಗದು ತನ್ನಿ ಎಂದರು. ಎಲ್ಲಿಂದ ತರುವುದು? ಅವಧಿ ಮುಗಿಯುತ್ತಿದೆ ಎಂದು ಕೊಳ್ಳುವವರಿಗೂ ಗೊತ್ತಾಗಿತ್ತು, 88ಕ್ಕೆ ಕೊಟ್ಟೆವು. ಸಾಲ, ಬಾಕಿ ಬಡ್ಡಿ, ಮಾರಾಟದ ಖರ್ಚು ಎಲ್ಲ ಕಳೆದು ನಾವು ಹಾಕಿದ 25ರಲ್ಲಿ ಅರ್ಧವೂ ವಾಪಸ್ ಬರಲಿಲ್ಲ.

ಅದೇ ಕಟ್ಟಡವನ್ನು ಸ್ವಂತ ಹಣ ಜಾಸ್ತಿ ಹಾಕಿ, ಅಸಲು ಸ್ವಲ್ಪ ಸ್ವಲ್ಪ ತೀರುವ 15-20 ವರ್ಷದ ಸಾಲದಲ್ಲಿ, ಆರು ತಿಂಗಳ ಕಂತು ಪಕ್ಕಕ್ಕಿಟ್ಟು ಕೊಂಡಿದ್ದರೆ ಇವತ್ತೂ ನಮ್ಮ ಹತ್ತಿರ ಇರುತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಅಷ್ಟು ಹಣ ಕೂಡಿಸಲು ಇನ್ನೂ ನಾಲ್ಕು ವರ್ಷ ಹಿಡಿಯುತ್ತಿತ್ತೇನೋ. ಕಟ್ಟಡ ಬೇರೆಯವರದಾದ ಮೇಲೂ ಪರ್ಸನಲ್ ಲೋನಿನ ಕಂತು ನಿಲ್ಲಲಿಲ್ಲ, ಅದು ಐದು ವರ್ಷದ್ದು.