ಜೇಷ್ಠಮಧುವಿನ ಚಹಾ: 18 ತಿಂಗಳ ಬಳಕೆಯ ನಂತರ

ತುಳಸಿ, ಒಣಶುಂಠಿ ಮತ್ತು ಜೇಷ್ಠಮಧುವಿನ ಬೇರು ಸೇರಿದ ಈ ಗಿಡಮೂಲಿಕೆ ಚಹಾವನ್ನು ನಾನು ಕೊಳ್ಳಲು ಕಾರಣವಾದದ್ದು ಅದರ ರುಚಿಯಲ್ಲ, ಪೊಟ್ಟಣದೊಳಗೆ ಮಡಚಿಟ್ಟಿದ್ದ ಪ್ರಯೋಗಾಲಯದ ವರದಿ. ತೇವಾಂಶ, ಸೀಸ, ಕೀಟನಾಶಕದ ಉಳಿಕೆ, ಒಟ್ಟು ಪಾಲಿಫಿನಾಲ್ (ಸಸ್ಯಗಳಲ್ಲಿರುವ ಆಂಟಿಆಕ್ಸಿಡೆಂಟ್ ವಸ್ತುಗಳು), ಹೀಗೆ ಪ್ರತಿ ಬ್ಯಾಚಿನ ವಿವರವನ್ನೂ ಕೊಡುವ ತಯಾರಕರ ಮೇಲೆ ವಿಶ್ವಾಸ ಮೂಡುವುದು ಸಹಜ.

ಚಹಾ ಮಾಡುವ ಕ್ರಮವೂ ನನಗೆ ಪ್ರಿಯವಾಯಿತು. 3 ಗ್ರಾಂ ಪುಡಿಗೆ ಕುದಿನೀರು ಸುರಿದು ಕೂಡಲೇ ತಟ್ಟೆ ಮುಚ್ಚಬೇಕು, ಏಕೆಂದರೆ ತುಳಸಿಗೆ ಲವಂಗದಂಥ ಘಮ ಕೊಡುವ ಯೂಜಿನಾಲ್ ಹಬೆಯೊಂದಿಗೆ ಹಾರಿಹೋಗುತ್ತದೆ. ಹತ್ತು ನಿಮಿಷದ ನಂತರ ತಟ್ಟೆಯ ಒಳಬದಿಯಲ್ಲಿ ನಿಂತ ಹನಿಗಳನ್ನು ಬಟ್ಟಲಿಗೇ ಕೊಡವಿ, ಸೋಸಿ, ಸಕ್ಕರೆಯಿಲ್ಲದೆ ಕುಡಿಯುತ್ತಿದ್ದೆ. ಜೇಷ್ಠಮಧುವಿನ ಗ್ಲಿಸಿರೈಜಿನ್ ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿಯಾದುದರಿಂದ ಬೇರೆ ಸಿಹಿ ಬೇಕೆನಿಸಲೇ ಇಲ್ಲ. ದಿನಕ್ಕೆ ಮೂರು ಬಟ್ಟಲು ನನ್ನ ರೂಢಿ. ಚಹಾ ಅಗ್ಗದ್ದಲ್ಲವಾದ್ದರಿಂದ ದಿನದ ಚರಟವನ್ನೆಲ್ಲ ಕೂಡಿಟ್ಟು, ಸಂಜೆ ಕಾಲು ಗಂಟೆ ಕುದಿಸಿ ನಾಲ್ಕನೆಯ ಬಟ್ಟಲನ್ನೂ ಪಡೆಯುತ್ತಿದ್ದೆ. ಆ ಬಟ್ಟಲು ಉಳಿದ ಮೂರಕ್ಕಿಂತ ಹೆಚ್ಚು ಸಿಹಿಯಾಗಿರುತ್ತಿತ್ತು. ಆ ಸಿಹಿಯ ಅರ್ಥವೇನೆಂದು ನಾನು ಆಗಲೇ ಯೋಚಿಸಬೇಕಿತ್ತು.

ಹನ್ನೊಂದನೆಯ ತಿಂಗಳಲ್ಲಿ ಪಾದಗಳು ಬಾತುಕೊಂಡವು. ಸದಾ 120ರ ಆಸುಪಾಸಿನಲ್ಲಿರುತ್ತಿದ್ದ ರಕ್ತದೊತ್ತಡ 146ಕ್ಕೆ ಏರಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ವೈದ್ಯರು ಮೊದಲು ಕೇಳಿದ್ದೇ ಜೇಷ್ಠಮಧು ಸೇವಿಸುತ್ತೀರಾ ಎಂದು. ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಮೂತ್ರಪಿಂಡದ ಕಿಣ್ವವೊಂದನ್ನು ಗ್ಲಿಸಿರೈಜಿನ್ ತಡೆಯುವುದರಿಂದ ದೇಹ ಉಪ್ಪು ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಚಹಾ ಬಿಟ್ಟ ಮೂರು ವಾರಗಳಲ್ಲಿ ಎಲ್ಲವೂ ಮೊದಲಿನ ಮಟ್ಟಕ್ಕೆ ಬಂತು.

ಆಮೇಲೆ ವರದಿಯನ್ನು ಮತ್ತೆ ಓದಿದೆ. ಅದರಲ್ಲಿ ಗ್ಲಿಸಿರೈಜಿನ್ನಿನ ಅಂಕಿಯೇ ಇಲ್ಲ. ಪೊಟ್ಟಣದ ಪ್ರಕಾರ ಮೂರನೇ ಒಂದು ಭಾಗ ಜೇಷ್ಠಮಧು, ಅಂದರೆ ಬಟ್ಟಲಿಗೆ 1 ಗ್ರಾಂ. ಯುರೋಪಿನ ಔಷಧಸಂಹಿತೆ ಒಣಬೇರಿನಲ್ಲಿ ಕನಿಷ್ಠ ಶೇ 4ರಷ್ಟು ಗ್ಲಿಸಿರೈಜಿಕ್ ಆಮ್ಲವನ್ನು (ಗ್ಲಿಸಿರೈಜಿನ್ನಿನ ಇನ್ನೊಂದು ಹೆಸರು) ನಿರೀಕ್ಷಿಸುತ್ತದೆ. ಆ ಲೆಕ್ಕದಲ್ಲಿ ಮೂರು ಬಟ್ಟಲಿನ ಬೇರಿನಲ್ಲಿ 120 ಮಿಲಿಗ್ರಾಂ ಇರುತ್ತದೆ. ನಿಯಮಿತ ಸೇವನೆ ದಿನಕ್ಕೆ 100 ಮಿಲಿಗ್ರಾಂ ಮೀರಬಾರದೆಂದು ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿ 2003ರಲ್ಲೇ ಹೇಳಿದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆದ ಬೇರು ಎಲ್ಲವನ್ನೂ ಬಿಟ್ಟುಕೊಡುವುದಿಲ್ಲ, ಚರಟದಲ್ಲಿ ಉಳಿದದ್ದನ್ನು ನಾನೇ ಸಂಜೆ ಕುದಿಸಿ ಹೊರತೆಗೆಯುತ್ತಿದ್ದೆ.

ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದ ಪಾಲಿಫಿನಾಲ್ ಅಂಕಿಯಾದರೂ ಒಣಪುಡಿಯನ್ನು ಮೆಥನಾಲಿನಲ್ಲಿ ಇಳಿಸಿ ಅಳೆದದ್ದು. ಬಳಸಿರುವ ಫೋಲಿನ್ ವಿಧಾನ ಸಿ ಜೀವಸತ್ವದಂಥ ಇತರ ಅಪಕರ್ಷಕ (ಎಲೆಕ್ಟ್ರಾನ್ ಬಿಟ್ಟುಕೊಡುವ) ವಸ್ತುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕುಡಿಯುವವರಿಗೆ ಬೇಕಾದದ್ದು ಬಟ್ಟಲಿನೊಳಗಿನ ಅಂಕಿ. ಎಚ್‌ಪಿಎಲ್‌ಸಿ ಎಂಬ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಿರುವ ಪ್ರಯೋಗಾಲಯಕ್ಕೆ ಗ್ಲಿಸಿರೈಜಿನ್ ಅಳೆಯುವುದು ಕಷ್ಟದ ಕೆಲಸವಲ್ಲ. ತಯಾರಕರಿಗೆ ಎರಡು ಬಾರಿ ಬರೆದೆ. ಕಡ್ಡಾಯ ಪರೀಕ್ಷೆಗಳೆಲ್ಲ ಆಗಿವೆ ಎಂಬ ಒಂದೇ ಸಾಲಿನ ಉತ್ತರ ಬಂತು.

ಈಗ ಅವರದೇ ಜೇಷ್ಠಮಧು ಇಲ್ಲದ ಮಿಶ್ರಣವನ್ನು ಕುಡಿಯುತ್ತಿದ್ದೇನೆ, ತುಳಸಿಯ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. ಹಳೆಯ ಮಿಶ್ರಣಕ್ಕೆ 5ರಲ್ಲಿ 2 ಅಂಕ, ಹೊಸದಕ್ಕೆ 4. ಚರಟವನ್ನು ಮತ್ತೆ ಕುದಿಸುವುದನ್ನು ಬಿಟ್ಟು, ಹಿಂಡಿ, ಹರಡಿ ಆರಿಸಿ, ತರಗೆಲೆಯೊಂದಿಗೆ ಕಾಂಪೋಸ್ಟ್ ಡಬ್ಬಿಗೆ ಹಾಕುತ್ತೇನೆ. ಹಸಿಯಾಗಿ ರಾಶಿ ಹಾಕಿದರೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ತುಳಸಿಯೆಲೆ ಕೆಲವೇ ವಾರಗಳಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಉಳಿದಿದ್ದ ಹಳೆಯ ಪೊಟ್ಟಣವನ್ನೂ ಅದಕ್ಕೇ ಸುರಿದಿದ್ದೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ತುಂಬಿದ ಜೇಷ್ಠಮಧುವಿನ ಹಳದಿ ನಾರು ಮಾತ್ರ ನಾಲ್ಕು ತಿಂಗಳ ನಂತರವೂ ಜರಡಿಯಲ್ಲಿ ಹಾಗೆಯೇ ಉಳಿಯುತ್ತಿದೆ.