ಮೂರು ಕಡೆ ಓದಿದೆ, ಯಾವುದು ಚೆನ್ನಾಗಿತ್ತು?

ಅಕ್ಕನ ಮಗಳಿಗೆ ಪಿಯುಸಿ ಮುಗಿದಿದೆ. ಯಾವ ಕಾಲೇಜಿಗೆ ಸೇರಿಸಬೇಕು ಅಂತ ಮಂಡ್ಯದ ಮನೆಯಲ್ಲಿ ದಿನಾ ಒಂದೇ ಪಂಚಾಯಿತಿ. ಭಾವನಿಗೆ ಪ್ಲೇಸ್‌ಮೆಂಟ್ ಮುಖ್ಯ, ಅಕ್ಕನಿಗೆ ಕಾಲೇಜಿನ ಗುಣಮಟ್ಟಕ್ಕೆ ಸಿಕ್ಕ ನ್ಯಾಕ್ ಗ್ರೇಡ್. ಹುಡುಗಿ ನನ್ನ ಹತ್ತಿರ ಬಂದಳು. "ಮಾವ, ನೀವು ಮೂರು ಕಡೆ ಓದಿದ್ದೀರಲ್ಲ, ಯಾವುದು ಚೆನ್ನಾಗಿತ್ತು?"

ಬಿ.ಕಾಂ. ಮಾಡಿದ್ದು ಒಂದು ಖಾಸಗಿ ಕಾಲೇಜಿನಲ್ಲಿ. ಕಟ್ಟಡ ಫಳಫಳ, ಹಾಜರಾತಿ ಬಿಗಿ. ಮೂರು ವರ್ಷದಲ್ಲಿ ಇಂಟರ್ನಲ್ಸ್‌ನ ಒಂದು ಪೇಪರೂ ಕೈಗೆ ವಾಪಸ್ ಬರಲಿಲ್ಲ. ಅಂಕ ಗೋಡೆಗೆ ಅಂಟಿಸುತ್ತಿದ್ದರು, ಅಷ್ಟೇ. ಆದರೆ ಮೊದಲ ಕೆಲಸ ಸಿಕ್ಕಿದ್ದು ಅಲ್ಲಿಂದಲೇ, ಸುಳ್ಳು ಹೇಳಬಾರದು.

ಆ ಕೆಲಸ ಬಿಟ್ಟು ಮೈಸೂರು ವಿವಿಯ ಮಾನಸಗಂಗೋತ್ರಿಗೆ ಬಂದೆ, ಅರ್ಥಶಾಸ್ತ್ರ ಎಂ.ಎ.ಗೆ. ಕುವೆಂಪು ಹೆಸರಿಟ್ಟ ಕ್ಯಾಂಪಸ್ಸು, ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಬೆಂಚು ಹಳೇದು, ಫ್ಯಾನು ಕಿರಗುಟ್ಟುತ್ತಿತ್ತು. ಸೆಮಿನಾರ್ ಪೇಪರ್‌ನಲ್ಲಿ "ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಂದ ಮೇಲೆ ಮಂಡ್ಯದ ರೈತ ಶ್ರೀಮಂತನಾದ" ಅಂತ ಬರೆದಿದ್ದೆ. ವಾಪಸ್ ಬಂದಾಗ ಅಂಚಿನಲ್ಲಿ ಕೆಂಪು ಶಾಯಿ: "ಎಲ್ಲ ರೈತರೂ? ನಾಲೆಯ ಕೊನೆಯವನೂ?" ನನ್ನ ಸೋದರಮಾವನ ಗದ್ದೆಯೇ ಮಳವಳ್ಳಿ ಕಡೆ, ನಾಲೆಯ ಕೊನೆಯಲ್ಲಿ. ಬೇಸಿಗೆ ಬೆಳೆಗೆ ನೀರು ತಲುಪಲ್ಲ ಅಂತ ಅವರು ಬೈಯುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಬರೆಯುವಾಗ ಮಾತ್ರ ನೆನಪೇ ಆಗಲಿಲ್ಲ! ಮೂರು ಸಲ ತಿದ್ದಿ ಬರೆದೆ.

ಆಮೇಲೆ ಕೆಲಸದ ಜೊತೆ ಕರ್ನಾಟಕ ರಾಜ್ಯ ಮುಕ್ತ ವಿವಿಯಲ್ಲಿ ಕನ್ನಡ ಎಂ.ಎ. ಮೈಸೂರು ವಿವಿಯಲ್ಲಿ 1969ರಲ್ಲಿ ಶುರುವಾದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಒಬ್ಬನೇ ಓದುತ್ತಿದ್ದೆ. ಅಷ್ಟೊತ್ತಿಗೆ ಆ ಕೆಂಪು ಶಾಯಿ ತಲೆಯೊಳಗೇ ಕೂತಿತ್ತು, ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಹದಿನೆಂಟಕ್ಕೇ ಇಲ್ಲಿ ಸೇರಿದ್ದರೆ ಪುಸ್ತಕದ ಕಟ್ಟು ಬಿಚ್ಚುತ್ತಲೂ ಇರಲಿಲ್ಲವೇನೋ.

ಅಕ್ಕ ರ‍್ಯಾಂಕಿಂಗ್ ಪಟ್ಟಿಯನ್ನೂ ತೋರಿಸಿದಳು. ಎನ್‌ಐಆರ್‌ಎಫ್, ಅಂದರೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್‌ನಲ್ಲಿ ಬೋಧನೆ ಮತ್ತು ಸೌಲಭ್ಯಕ್ಕೆ, ಸಂಶೋಧನೆಗೆ, ಪಾಸಾದವರ ಫಲಿತಾಂಶಕ್ಕೆ, ಎಲ್ಲ ವರ್ಗದವರಿಗೂ ಅವಕಾಶ ಇದೆಯಾ ಅನ್ನೋದಕ್ಕೆ, ಜನರ ಅಭಿಪ್ರಾಯಕ್ಕೆ ಅಂತ ಬೇರೆ ಬೇರೆ ಅಂಕ. ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮೇಷ್ಟ್ರು ಅನ್ನೋದೂ ಲೆಕ್ಕಕ್ಕಿದೆ, ಅದು ಬೇಕಾದ್ದೇ. ಆ ಮೇಷ್ಟ್ರು ಪೇಪರ್ ಓದುತ್ತಾರಾ? ಅದು ಪಟ್ಟಿ ನೋಡಿದರೆ ಗೊತ್ತಾಗಲ್ಲ ಅಲ್ವಾ.

ನನ್ನ ಮತ ಗಂಗೋತ್ರಿಗೆ. ಆದರೆ ನಾನು ಅಲ್ಲಿ ಓದಿದ್ದು ಎಂ.ಎ., ಡಿಗ್ರಿಗೆ ಅವಳು ಕಾಲೇಜನ್ನೇ ಹುಡುಕಬೇಕು. ಸೋಮವಾರ ಎರಡು ಕಾಲೇಜು ನೋಡಿ ಬರುತ್ತೇವೆ. ಫೀಸು, ಪ್ಲೇಸ್‌ಮೆಂಟ್ ಭಾವ ವಿಚಾರಿಸಲಿ. ಕ್ಯಾಂಟೀನ್‌ನಲ್ಲಿ ಕೂತ ಸೀನಿಯರ್‌ಗಳನ್ನು "ಪೇಪರ್ ತಿದ್ದಿ ವಾಪಸ್ ಕೊಡ್ತಾರಾ?" ಅಂತ ಕೇಳುವುದು ಅವಳ ಕೆಲಸ.