ಮರದ ಗಾಣವೋ, ಬಿಸಿ ಎಕ್ಸ್‌ಪೆಲ್ಲರೋ: ಶೇಂಗಾ ಎಣ್ಣೆ ತೆಗೆಯುವವರಿಗೆ

ಮೋಟರ್ ಗಾಣ, ಕಾಳು ಬೇಯಿಸುವ ಕೆಟಲ್ ಇರುವ ಸ್ಕ್ರೂ ಎಕ್ಸ್‌ಪೆಲ್ಲರ್ ಎರಡನ್ನೂ ಒಂದೇ ಶೆಡ್ಡಿನಲ್ಲಿ ಹಲವು ಸುಗ್ಗಿ ಓಡಿಸಿದ ಲೆಕ್ಕ ಇದು. ಬೀಜ ಚಳ್ಳಕೆರೆ ಕಡೆಯ ಶೇಂಗಾ.

ಗಾಣಕ್ಕೆ ಒಂದು ಒಬ್ಬೆಗೆ 15 ಕೆಜಿ ಕಾಳು, ಮುಕ್ಕಾಲು ಗಂಟೆ, ಎಣ್ಣೆ ಸುಮಾರು 6 ಕೆಜಿ. ಹಿಂಡಿಯಲ್ಲಿ ನೂರಕ್ಕೆ 12ರಷ್ಟು ಎಣ್ಣೆ ಉಳಿಯುತ್ತದೆ. ಕಾಳು ಬೇಯಿಸಿ ಎಕ್ಸ್‌ಪೆಲ್ಲರಿಗೆ ಕೊಟ್ಟರೆ ಉಳಿಯುವುದು 7ರ ಆಸುಪಾಸು. ಅಷ್ಟೇ ಕಾಳಿಗೆ ಅರ್ಧ ಕೆಜಿ ಎಣ್ಣೆ ಜಾಸ್ತಿ. ಗಾಣದ ಹಿಂಡಿಯಲ್ಲಿ ಉಳಿಯುವ ಆ ಎಣ್ಣೆಯನ್ನು ಪೂರಾ ನಷ್ಟ ಅನ್ನುವವರು ಗಾಣದ ಹಿಂಡಿಗೆ ಹಸು ಕಟ್ಟಿದವರು ಕೊಡುವ ರೇಟು ಕೇಳಿಲ್ಲ.

ಎರಡರಲ್ಲೂ ಕೆಲಸ ಕೆಡುವುದು ತೇವದಿಂದ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಟಕ್ ಎಂದು ಮುರಿಯಬೇಕು. ಮೆತ್ತಗೆ ಜಜ್ಜಿದರೆ ಇನ್ನೊಂದು ಬಿಸಿಲು ಬೇಕು. ಹಸಿ ಕಾಳು ಎಕ್ಸ್‌ಪೆಲ್ಲರಿನಲ್ಲಿ ವರ್ಮಿನ (ಒಳಗೆ ತಿರುಗುವ ಸ್ಕ್ರೂ) ಜೊತೆಯೇ ಸುತ್ತುತ್ತದೆ, ಒತ್ತಡ ಏರುವುದಿಲ್ಲ, ಹಿಂಡಿ ಮುದ್ದೆಯಾಗಿ ಹೊರಬರುತ್ತದೆ. ಅತಿ ಒಣಗಿದರೆ ಹಿಂಡಿ ಪುಡಿಯಾಗಿ ಸೀದ ವಾಸನೆ, ಮೋಟರ್ ಎಳೆಯುವ ಕರೆಂಟ್ (ಆಂಪ್ಸ್) ಏರುತ್ತದೆ. ಆಗ ಹಿಂಡಿ ಹೊರಬರುವ ಬಾಯಿ ಬಿಗಿಮಾಡುವ ಕೋನ್ ಇನ್ನಷ್ಟು ಬಿಗಿಯಲು ಹೋಗಬೇಡಿ, ಸಡಿಲಿಸಿ. ನಿಲ್ಲಿಸುವ ಮುಂಚೆ ಒಣ ಹಿಂಡಿ ಹಾಕಿ ಕೇಜ್ (ವರ್ಮಿನ ಸುತ್ತ ಉಕ್ಕಿನ ಬಾರ್ ಜೋಡಿಸಿದ ಗೂಡು) ಖಾಲಿ ಮಾಡಿ. ಒಳಗೆ ಕಾಳು ಬಿಟ್ಟರೆ ಮರುದಿನ ಕಲ್ಲಾಗಿ, ಬಾರ್ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ.

ಗಾಣದಲ್ಲಿ ಕಾಳು ಪುಡಿಯಾದ ಮೇಲೆ ನೀರು ಚಿಮುಕಿಸಬೇಕು, 15 ಕೆಜಿಗೆ ಒಂದು ಲೋಟ, ಅದೂ ಸ್ವಲ್ಪ ಸ್ವಲ್ಪವೇ. ಪುಡಿ ಕಟ್ಟಿಕೊಂಡು ಒನಕೆಯ ಬುಡದಲ್ಲಿ ಎಣ್ಣೆ ಒಸರತೊಡಗಿದರೆ ಸಾಕು, ಇನ್ನು ಹಾಕಬೇಡಿ. ಹೆಚ್ಚಾದರೆ ಎಣ್ಣೆ ಮಂಕು, ಬಾಣಲೆಯಲ್ಲಿ ನೊರೆ, ಬೇಗ ಕಮಟು. ಸಂದೇಹವಿದ್ದರೆ ಕಾದ ಹಂಚಿಗೆ ನಾಲ್ಕು ಹನಿ ಬಿಡಿ. ಚಟಪಟ ಅಂದರೆ ನೀರಿದೆ.

ಎಣ್ಣೆಯನ್ನು ಸ್ಟೀಲ್ ಡ್ರಮ್ಮಿನಲ್ಲಿ ನಾಲ್ಕೈದು ದಿನ ನೆರಳಿನಲ್ಲೇ ಬಿಡಿ, ನಲ್ಲಿ ತಳದಿಂದ ಮೂರು ಇಂಚು ಮೇಲಿರಲಿ, ಗಸಿ ಕೆಳಗೆ ಉಳಿಯುತ್ತದೆ. ತಿಳಿಯಾಗಲೆಂದು ಬಿಸಿಲಿಗಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬೆಳಕಿಗೆ ಎಣ್ಣೆ ಬೇಗ ಹಾಳಾಗುತ್ತದೆ.

‘ಕೋಲ್ಡ್ ಪ್ರೆಸ್ಡ್’ ಹಣೆಪಟ್ಟಿಯ ಬಗ್ಗೆ ಒಂದು ಮಾತು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಬಿಸಿ ಕೊಡದೆ ಯಂತ್ರದಿಂದಷ್ಟೇ ಹಿಂಡಿದ್ದು ಮಾತ್ರ ಆ ಹೆಸರಿಗೆ ಸಲ್ಲುತ್ತದೆ. ಶುದ್ಧ ಮಾಡಲು ನೀರಿನಲ್ಲಿ ತೊಳೆಯುವುದು, ತಂಗಿಸುವುದು, ಸೋಸುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುವುದು ಇಷ್ಟಕ್ಕೇ ಅವಕಾಶ. ಬ್ಯಾರಲ್ ಕಾಯಿಸಿ ಹಿಂಡುವ ಮನೆಬಳಕೆಯ ಪುಟ್ಟ ಮೆಷಿನ್ನುಗಳನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ, ಕೇಳಿ ಕೊಳ್ಳಿ.

ಒಳ್ಳೆಯ ಕಾಳು, ಎರಡು ಮೂರು ತಿಂಗಳಲ್ಲಿ ಖಾಲಿ ಮಾಡುವ ಗಿರಾಕಿ ಇದ್ದರೆ ಗಾಣ. ಗಂಟೆಗೆ ಕ್ವಿಂಟಾಲ್ ಹಿಂಡಬೇಕು, ಎಣ್ಣೆ ರಿಫೈನರಿಗೆ ಹೋಗುತ್ತದೆ ಅಂದರೆ ಬಿಸಿ ಎಕ್ಸ್‌ಪೆಲ್ಲರ್. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಕಾಳನ್ನು ಮಾತ್ರ ಗಾಣಕ್ಕೆ ಹಾಕಲೇಬೇಡಿ: ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಬಹುಪಾಲು ಹಿಂಡಿಗೆ ಹೋದರೂ ಗಸಿಯ ಜೊತೆ ಎಣ್ಣೆಗೂ ಬರುತ್ತದೆ, ತೆಗೆಯಲು ಮುಂದೆ ರಿಫೈನಿಂಗ್ ಇಲ್ಲ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ಇಳಿಯುತ್ತದೆ.

ಗಾಣ ವಾರಗಟ್ಟಲೆ ನಿಂತಿದ್ದರೆ ಮರ ಕುಡಿದ ಹಳೆ ಎಣ್ಣೆ ಕಮಟಾಗಿರುತ್ತದೆ. ಒರಳು ಕೆರೆದು, ಮೊದಲ ಒಬ್ಬೆಯ ಎಣ್ಣೆಯನ್ನು ಡ್ರಮ್ಮಿಗೆ ಸೇರಿಸದೆ ಬೇರೆ ಇಡಿ.